ಡಿಸ್ಕಸ್ ಮೀನಿಗೆ ಎಂಥ ತೊಟ್ಟಿ ಬೇಕು?

ಡಿಸ್ಕಸ್ ಮೀನನ್ನು ಪಕ್ಕದಿಂದ ನೋಡಿದರೆ ದುಂಡಗಿನ ತಟ್ಟೆಯ ಹಾಗೆ ಕಾಣುತ್ತದೆ. ಎದುರಿನಿಂದ ನೋಡಿದರೆ ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಚೆನ್ನಾಗಿ ಬೆಳೆದ ಮೀನು 15ರಿಂದ 20 ಸೆಂ.ಮೀ. ಉದ್ದವಿರುತ್ತದೆ. ಮೇಲಿನ, ಕೆಳಗಿನ ಈಜುರೆಕ್ಕೆಗಳನ್ನು ಸೇರಿಸಿದರೆ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಾವು ಅಂಗಡಿಯಿಂದ ತರುವುದು ಸಾಮಾನ್ಯವಾಗಿ ಪುಟ್ಟ ಮರಿಗಳನ್ನು. ಅವನ್ನು ನೋಡಿ ಎರಡು ಅಡಿಯ ತೊಟ್ಟಿ ಧಾರಾಳವಾಯಿತು ಅನ್ನಿಸುತ್ತದೆ. ಇಕ್ಕಟ್ಟಿನಲ್ಲಿ, ಕೊಳೆ ನೀರಿನಲ್ಲಿ ಬೆಳೆದ ಮರಿ ಕುಳ್ಳಗೇ ಉಳಿಯುತ್ತದೆ. ಕಣ್ಣು ಮಾತ್ರ ಬೆಳೆಯುತ್ತಾ ಹೋಗುತ್ತದೆ. ಮೈಗೆ ಹೊಂದದ ದೊಡ್ಡ ಕಣ್ಣು ಕಂಡರೆ ಆ ಮೀನಿನ ಬಾಲ್ಯ ಚೆನ್ನಾಗಿರಲಿಲ್ಲ ಎಂದೇ ಅರ್ಥ.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆ. 1840ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಯೋಹಾನ್ ಯಾಕೋಬ್ ಹೆಕೆಲ್ ಇದಕ್ಕೆ ಸಿಂಫಿಸೊಡಾನ್ ಡಿಸ್ಕಸ್ ಎಂದು ಹೆಸರಿಟ್ಟರು. ಈ ಮೀನು ರಭಸವಾಗಿ ಹರಿಯುವ ನೀರಿನಲ್ಲಿ ಇರುವುದಿಲ್ಲ. ನದಿಯ ಪಕ್ಕದ ಕೆರೆಗಳು, ನಿಧಾನವಾಗಿ ಹರಿಯುವ ಕವಲುಗಳು ಇದಕ್ಕೆ ಇಷ್ಟ. ನೀರಿಗೆ ಬಿದ್ದ ಮರಗಳ ಕೊಂಬೆಗಳ ನಡುವೆ ಗುಂಪುಗುಂಪಾಗಿ ನಿಂತಿರುತ್ತದೆ. ಮೈ ಚಪ್ಪಟೆ ಆಗಿರುವುದರಿಂದ ಕೊಂಬೆಗಳ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ನೀರು ಮೆದು (ಕರಗಿದ ಲವಣ ಕಡಿಮೆ), ಹುಳಿಗುಣದ್ದು, ವರ್ಷವಿಡೀ ಬೆಚ್ಚಗೆ. ಮನೆಯ ತೊಟ್ಟಿಯಲ್ಲೂ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು. ತೊಟ್ಟಿಯ ಆಕಾರ ಯಾಕೆ ಮುಖ್ಯ ಅನ್ನುವುದು ಈ ಶಾಖದಿಂದಲೇ ಶುರುವಾಗುತ್ತದೆ.

ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಅತ್ತ ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ. ಈ ಆಮ್ಲಜನಕ ನೀರಿಗೆ ಇಳಿಯುವುದು ಗಾಳಿಗೆ ತಾಗುವ ಮೇಲ್ಮೈಯಿಂದ. ಏರ್ ಪಂಪಿನ ಗುಳ್ಳೆಗಳು ಮಾಡುವ ದೊಡ್ಡ ಕೆಲಸವೂ ನೀರನ್ನು ಮೇಲೆ ಕೆಳಗೆ ತಿರುಗಿಸಿ ಆ ಮೇಲ್ಮೈಗೆ ತರುವುದೇ.

ಈಗ ಎರಡು ತೊಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಂದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಇನ್ನೊಂದು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಂಬದಂಥದ್ದು. ಎರಡರಲ್ಲೂ ಹಿಡಿಯುವ ನೀರು ಒಂದೇ, ಸುಮಾರು 340 ಲೀಟರ್. ಆದರೆ ಮೊದಲನೆಯದರ ಮೇಲ್ಮೈ ಆರು ಚದರಡಿ, ಎರಡನೆಯದರದ್ದು ಮೂರೇ. ಗಾಜಿನ ಲೆಕ್ಕವೂ ಹೀಗೇ. ನೀರಿನ ಒತ್ತಡ ಆಳವನ್ನು ನೋಡುತ್ತದೆ, ಉದ್ದವನ್ನಲ್ಲ. ಆಳ ಎರಡು ಪಟ್ಟಾದರೆ ತಳದ ಒತ್ತಡವೂ ಎರಡು ಪಟ್ಟು. ಮುಂದಿನ ಗಾಜಿನ ಪ್ರತಿ ಅಡಿ ಉದ್ದಕ್ಕೆ ಬೀಳುವ ಒಟ್ಟು ಬಲ ಮಾತ್ರ ನಾಲ್ಕು ಪಟ್ಟು! ಎತ್ತರದ ತೊಟ್ಟಿಗೆ ದಪ್ಪ ಗಾಜು ಹಾಕಲೇಬೇಕು, ದುಡ್ಡೂ ಜಾಸ್ತಿ. ಇಷ್ಟೆಲ್ಲ ಖರ್ಚು ಮಾಡಿ ಮೀನಿಗೆ ಸಿಕ್ಕಿದ್ದು ಕಡಿಮೆ ಗಾಳಿ.

ಹಾಗಂತ ತೀರಾ ತಗ್ಗಿನ ತೊಟ್ಟಿಯೂ ಈ ಮೀನಿಗೆ ಆಗದು. ಮೈಯೇ 20 ಸೆಂ.ಮೀ. ಎತ್ತರ ಇರುವಾಗ, ತಳದ ಮರಳು, ಮೇಲೆ ಬಿಡುವ ಜಾಗ ಎಲ್ಲ ಕಳೆದು ಉಳಿಯುವ ನೀರಿನ ಆಳ ನೋಡಬೇಕು ಅಲ್ವಾ? ಒಂದೂವರೆ ಅಡಿ ಎತ್ತರಕ್ಕಿಂತ ಕಡಿಮೆ ಬೇಡ. ನನ್ನ ಆಯ್ಕೆ ಎರಡು ಅಡಿ. ಅದಕ್ಕಿಂತ ಎತ್ತರವಾದರೆ ತಳ ಒರೆಸಲು ಕೈ ಎಟುಕುವುದಿಲ್ಲ. ಕೈ ಎಟುಕದ ತಳದಲ್ಲಿ ಕೊಳೆ ಉಳಿದೇ ಉಳಿಯುತ್ತದೆ. ಅಗಲಕ್ಕೆ ಒಂದೂವರೆ ಅಡಿ ನಡೆಯುತ್ತದೆ, ಎರಡು ಅಡಿ ಮಾಡಿಸಿದರೆ ಒಳ್ಳೆಯದು. ಒಣಗಿದ ಮರದ ಬೇರು ಇಟ್ಟ ಮೇಲೂ ಮೀನು ತಿರುಗಲು ಜಾಗ ಇರುತ್ತದೆ.

ಗುಂಡಗಿನ ಬೋಲ್ ವಿಷಯ ಹೆಚ್ಚು ಹೇಳಬೇಕಿಲ್ಲ. ಅದರಲ್ಲಿ ಡಿಸ್ಕಸ್ ಇಡುವುದು ತಪ್ಪು. ಆರು ಮೂಲೆಯ ತೊಟ್ಟಿ ನೋಡಲು ಚೆಂದ, ಆದರೆ ಆರು ಮೀನು ನೆಟ್ಟಗೆ ಈಜಲು ಅದರಲ್ಲಿ ದಾರಿಯೇ ಇಲ್ಲ.

ಆರು ಮೀನು ಯಾಕೆ? ಡಿಸ್ಕಸ್ ಗುಂಪಿನ ಮೀನು. ಗುಂಪಿನಲ್ಲಿ ಬಲಶಾಲಿ ಯಾರು ಎಂಬ ಜಗಳ ಇದ್ದೇ ಇರುತ್ತದೆ. ಎರಡೋ ಮೂರೋ ಇದ್ದರೆ ದುರ್ಬಲವಾದದ್ದು ದಿನವಿಡೀ ಪೆಟ್ಟು ತಿಂದು, ಮೂಲೆ ಸೇರಿ, ಊಟ ಬಿಡುತ್ತದೆ. ಆರಿದ್ದರೆ ಆ ಪೆಟ್ಟು ಹಂಚಿಹೋಗುತ್ತದೆ. ಒಂದು ದೊಡ್ಡ ಮೀನಿಗೆ 40 ಲೀಟರ್ ಎಂಬುದು ಸಾಕುವವರ ಲೆಕ್ಕ. ಆ ನಾಲ್ಕಡಿ ತೊಟ್ಟಿಯಲ್ಲಿ ಮರಳು, ಬೇರು ಕಳೆದು 300 ಲೀಟರ್ ಉಳಿದರೂ ಆರು ಮೀನು ನೆಮ್ಮದಿಯಾಗಿರುತ್ತವೆ.

ಹೊಸಬರಿಗೆ ಚಿಕ್ಕ ತೊಟ್ಟಿ ಸುಲಭ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ನಾಲ್ಕಡಿ ತೊಟ್ಟಿಯ ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧ ಮಾಡಿ. ಅದರಲ್ಲಿ ಹಿಡಿಯುವುದು 42 ಲೀಟರ್, ಅಂದರೆ ಎಂಟರಲ್ಲಿ ಒಂದು ಪಾಲು. ಆದರೆ ಶಾಖ ಕಳೆದುಕೊಳ್ಳುವ ಹೊರಮೈ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಅದು ಹೆಚ್ಚುಕಡಿಮೆ ಎರಡು ಪಟ್ಟು ಬೇಗ ತಣ್ಣಗಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಕರೆಂಟ್ ಹೋಗಿ ಹೀಟರ್ ನಿಂತರೆ ಈ ವ್ಯತ್ಯಾಸ ಜೀವದ ಪ್ರಶ್ನೆ. ತಿನ್ನದೆ ಬಿಟ್ಟ ಆಹಾರ ಕೊಳೆತು ಅಮೋನಿಯಾ ಆದಾಗಲೂ ಚಿಕ್ಕ ತೊಟ್ಟಿಯಲ್ಲಿ ಅದರ ಸಾಂದ್ರತೆ ಎಂಟು ಪಟ್ಟು. ನಮ್ಮ ಎಷ್ಟೋ ಬೋರ್‌ವೆಲ್ ನೀರಿನ ಹಾಗೆ ಪಿಎಚ್ (ಹುಳಿಗುಣದ ಅಳತೆ; ಹುಳಿ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ) 7ಕ್ಕಿಂತ ಮೇಲಿದ್ದರೆ ಅಪಾಯ ಇನ್ನೂ ಹೆಚ್ಚು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ.

ಒಂದು ಎಚ್ಚರಿಕೆ. 340 ಲೀಟರ್ ಅಂದರೆ 340 ಕಿಲೋ ನೀರು. ಗಾಜು, ಸ್ಟ್ಯಾಂಡ್ ತೂಕ ಬೇರೆ. ಮಹಡಿ ಮನೆಯಾದರೆ ಕೋಣೆಯ ನಡುವೆ ಇಡಬೇಡಿ, ಎಲ್ಲಿಡಬೇಕೆಂದು ಎಂಜಿನಿಯರನ್ನು ಕೇಳಿಯೇ ಇಡಿ.

ಚಿಕ್ಕ ತೊಟ್ಟಿ ಬೇಕಾಗುವ ಸಂದರ್ಭ ಒಂದಿದೆ. ಜೋಡಿ ಕೂಡಿ ಮೊಟ್ಟೆ ಇಡುವ ಕಾಲ ಅದು. ಆಗ ಎಲ್ಲ ಕಡೆಯೂ ಒಂದೂವರೆ ಅಡಿ ಇರುವ ಚೌಕ ತೊಟ್ಟಿ, ತಳದಲ್ಲಿ ಮರಳಿಲ್ಲ, ಮೊಟ್ಟೆ ಅಂಟಿಸಲು ಒಂದು ಮಣ್ಣಿನ ಶಂಕು, ಮೂಲೆಯಲ್ಲಿ ಸ್ಪಾಂಜ್ ಫಿಲ್ಟರ್ ಇದ್ದರೆ ಸಾಕು. ಡಿಸ್ಕಸ್ ಮರಿಗಳ ಮೊದಲ ಊಟ ಅಪ್ಪ ಅಮ್ಮನ ಚರ್ಮದ ಮೇಲೆ ಒಸರುವ ಲೋಳೆ. ದೊಡ್ಡ ತೊಟ್ಟಿಯಲ್ಲಾದರೆ ಆ ಕೂದಲೆಳೆಯಂಥ ಮರಿಗಳು ಹೆತ್ತವರನ್ನು ತಲುಪುವ ಮೊದಲೇ ಚದುರಿ ಹಸಿದು ಸಾಯಬಹುದು. ಈ ಲೋಳೆಯನ್ನು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಧ್ಯಯನ ಮಾಡಿ 2010ರಲ್ಲಿ ವರದಿ ಪ್ರಕಟಿಸಿದರು. ಮೊಟ್ಟೆ ಇಟ್ಟ ಮೇಲೆ ಅದರಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಅಂಶ ಏರುವುದು ಅವರಿಗೆ ಕಂಡಿತು. ಮೂರನೇ ವಾರದಿಂದ ತಂದೆತಾಯಿ ಆಗಾಗ ಮರಿಗಳಿಂದ ದೂರ ಈಜಿಹೋಗುವುದನ್ನೂ ಅವರು ಗಮನಿಸಿದರು. ಒಂದೂವರೆ ಅಡಿಯ ಚೌಕದಲ್ಲಿ ಹಾಗೆ ದೂರ ಹೋಗಲು ಜಾಗವೇ ಇರುವುದಿಲ್ಲ. ಆದ್ದರಿಂದ ಮರಿಗಳು ಬೇರೆ ಆಹಾರ ತಿನ್ನಲು ಕಲಿತ ಕೂಡಲೇ ಹೆತ್ತವರನ್ನು ದೊಡ್ಡ ತೊಟ್ಟಿಗೆ ವಾಪಸ್ ಬಿಡಬೇಕು.