ಸೂಜಿ ಹೊಸದು, ನೀರು ಯಾವುದು?

ಶಿವಮೊಗ್ಗದಲ್ಲಿ ಹಚ್ಚೆ ಹಾಕಿಸಿಕೊಳ್ಳಲು ಹೋಗುವ ಕಾಲೇಜು ಹುಡುಗರು ಈಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಸೂಜಿ ಹೊಸದೇ? ಕೇಳಬೇಕಾದ ಪ್ರಶ್ನೆಯೇ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಬಲ್ಲದು. ಸೋಂಕಿತ ಸೂಜಿ ಚುಚ್ಚಿದರೆ ಎಚ್‌ಐವಿಗಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟಿಕೊಳ್ಳುತ್ತದೆ. ಜಾತ್ರೆಯ ಬೀದಿಯಲ್ಲಿ ಹೆಸರು ಬರೆಸಿಕೊಳ್ಳಲು ತೋಳು ಚಾಚುವವರಿಗೆ ಇದು ಗೊತ್ತಿರಬೇಕು. ಆದರೆ ಅಲ್ಲಿ ಶಾಯಿ ತೆಳುಗೊಳಿಸಲು ಬಳಸುವ ನೀರು ಯಾವುದೆಂದು ಕೇಳಿದವರನ್ನು ನಾನು ಕಂಡಿಲ್ಲ.

ಹಚ್ಚೆಯ ಸೂಜಿ ಒಂದೆರಡು ಮಿಲಿಮೀಟರ್ ಇಳಿದು ಒಳಚರ್ಮದಲ್ಲಿ ಶಾಯಿ ಬಿಡುತ್ತದೆ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಅದನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರವು. ಅವು ಸತ್ತಾಗ ಹೊರಬಿದ್ದ ಬಣ್ಣವನ್ನು ಹೊಸ ಕೋಶಗಳು ನುಂಗುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಅಜ್ಜಿಯರ ಮುಂಗೈಯ ಹಸಿರು ಹಚ್ಚೆ ಮಾಸಿದರೂ ಅಳಿಯದಿರುವುದರ ಗುಟ್ಟು ಇದೇ ಇರಬೇಕು. ಬಣ್ಣದ ಸ್ವಲ್ಪ ಪಾಲು ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ಹೋಗಿ ಸೇರುತ್ತದೆ. ಕೆಂಪು ಶಾಯಿಗೆ ಅಲರ್ಜಿ ಹೆಚ್ಚು. ಐರೋಪ್ಯ ಒಕ್ಕೂಟ 2022ರಿಂದ ಶಾಯಿಯಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಆ ಚರ್ಚೆ ನಡೆಯಲಿ. ಅದು ವರ್ಷಗಳ ಲೆಕ್ಕದ ಅಪಾಯ. ನೀರಿನ ಅಪಾಯ ಮೂರೇ ವಾರದಲ್ಲಿ ಮುಖ ತೋರಿಸಬಲ್ಲದು.

2011ರ ಕೊನೆಯಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಒಬ್ಬನೇ ಕಲಾವಿದನಿಂದ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಚರ್ಮದ ಮೇಲೆ ಕೆಂಪು ಗುಳ್ಳೆಗಳೆದ್ದವು. ತಪ್ಪು ಅವನ ಕೈಯದಾಗಿರಲಿಲ್ಲ. ತಯಾರಕರೇ ನೀರು ಬೆರೆಸಿ ತೆಳುಗೊಳಿಸಿ ಕಳಿಸಿದ್ದ ಬೂದು ಶಾಯಿಯಲ್ಲಿ ಮೈಕೋಬ್ಯಾಕ್ಟೀರಿಯಂ ಕೆಲೋನೆ ಇತ್ತು. ಇದು ಕ್ಷಯದ ಬ್ಯಾಕ್ಟೀರಿಯಾದ ದೂರದ ದಾಯಾದಿ. ನೀರಿನಲ್ಲಿ, ಮಣ್ಣಿನಲ್ಲಿ ಸಹಜವಾಗಿ ಇರುತ್ತದೆ. ಮಾಮೂಲಿ ಆಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ, ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯಬಹುದು. ಗುಡ್ಡದ ಅಬ್ಬಿಯಿಂದ ಬರುವ ನೀರು ಎಷ್ಟೇ ತಿಳಿಯಾಗಿರಲಿ, ಕುಡಿಯಲು ಎಷ್ಟೇ ಒಳ್ಳೆಯದಿರಲಿ, ಶಾಯಿಗೆ ಬೆರೆಸಲು ಬಾರದು. ಹೊಟ್ಟೆಯ ಆಮ್ಲ ಕೊಲ್ಲುವ ಎಷ್ಟೋ ಕ್ರಿಮಿಗಳಿಗೆ ಒಳಚರ್ಮದಲ್ಲಿ ಆ ತಡೆಯಿಲ್ಲ. ಬಟ್ಟಿ ಇಳಿಸಿದ ನೀರೂ ತನ್ನಷ್ಟಕ್ಕೆ ಕ್ರಿಮಿಶುದ್ಧವಲ್ಲ.

ಹಾಕಿಸಿಕೊಂಡು ಬಂದ ಮೇಲಿನ ಕಥೆ ನಮ್ಮದೇ. ಹೊಸ ಹಚ್ಚೆಯೆಂದರೆ ಎರಡು ಮೂರು ವಾರ ತೆರೆದಿರುವ ಗಾಯ. ಜೂನ್‌ನಿಂದಾಚೆ ಮಲೆನಾಡಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗಾಯ ಒಣಗುವುದೆಂತು? ನಾಟಿಗೆ ಇಳಿಯುವವರ ಕಾಲಿನ ಹಚ್ಚೆಗೆ ಇನ್ನೂ ಒಂದು ಚಿಂತೆಯಿದೆ. ಗದ್ದೆಯ ಕೆಸರಿನಲ್ಲಿ ಬದುಕಬಲ್ಲ ಒಂದು ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕು ಮೆಲಿಯಾಯ್ಡೋಸಿಸ್ ಎಂಬ ಸೋಂಕು ತರುತ್ತದೆ. ಘಟ್ಟದ ಕೆಳಗಿನ ಉಡುಪಿ ಭಾಗದ ವೈದ್ಯರಿಗೆ ಮಳೆಗಾಲದ ಈ ಕಾಯಿಲೆ ಪರಿಚಿತ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಜೀವಕ್ಕೇ ಎರವಾಗಬಹುದು. ಹಚ್ಚೆ ಹಾಕಿಸಿಕೊಂಡವರಿಗೆಲ್ಲ ಇದು ಬರುತ್ತದೆಂದಲ್ಲ, ಹಸಿ ಗಾಯವನ್ನು ಕೆಸರಿಗಿಳಿಸುವ ಮೊದಲು ಯೋಚಿಸಬೇಕೆಂದಷ್ಟೇ.

ಕಿವಿ ಚುಚ್ಚಿಸಿಕೊಳ್ಳುವ ಮಾತು ಬೇರೆ. ಅಕ್ಕಸಾಲಿಗರು ಮಕ್ಕಳಿಗೆ ಚುಚ್ಚುವ ಹಾಲೆಯಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಆರೆಂಟು ವಾರದಲ್ಲಿ ಮಾಯುತ್ತದೆ. ಮೇಲ್ಗಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಅಲ್ಲಿನ ತೂತು ಮಾಯಲು ತಿಂಗಳುಗಳು ಬೇಕು. ಹಿಂದಿನವರೂ ಅಲ್ಲಿ ಬುಗುಡಿ ತೊಡುತ್ತಿದ್ದರು, ಹಾಗಾಗಿ ಇದನ್ನು ಇಂದಿನ ಹುಡುಗಿಯರ ಹುಚ್ಚೆಂದು ಬೈಯುವುದು ನ್ಯಾಯವಲ್ಲ. ಆದರೆ ಈಗಿನ ಕಿವಿ ಚುಚ್ಚುವ ಗನ್, ಮೊಂಡು ಓಲೆಯನ್ನು ಬಲದಿಂದ ನೂಕಿ ಮೃದ್ವಸ್ಥಿಯನ್ನು ಜಜ್ಜುತ್ತದೆ. ಪ್ಲಾಸ್ಟಿಕ್ ಗನ್ನನ್ನು ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿಟ್ಟು ಶುದ್ಧಗೊಳಿಸುವಂತೆಯೂ ಇಲ್ಲ. 2000ದಲ್ಲಿ ಅಮೆರಿಕದ ಆರೆಗಾನ್‌ನ ಒಂದು ಅಂಗಡಿಯಲ್ಲಿ ಹೀಗೆ ಚುಚ್ಚಿಸಿಕೊಂಡ ಕೆಲವರಿಗೆ ಸೂಡೊಮೊನಾಸ್ ಸೋಂಕು ತಗುಲಿತು. ಒದ್ದೆಯಲ್ಲಿ ಬೆಳೆಯುವ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಅಂಗಡಿಯ ಸಿಂಕ್‌ನಲ್ಲಿ, ಜೊತೆಗೆ ಅವರ ಸೋಂಕುನಿವಾರಕದ ಬಾಟಲಿಯಲ್ಲಿ!

ಈ ಸೋಂಕಿಗೆ ಅರಿಸಿನ ಹಚ್ಚಿ ಕಾಯುವಷ್ಟು ಸಮಯವಿರುವುದಿಲ್ಲ. ಕೀವು ತುಂಬಿ ಮೃದ್ವಸ್ಥಿ ಸತ್ತರೆ ಕಿವಿ ಮುದುಡುತ್ತದೆ, ಮೊದಲಿನ ಆಕಾರ ಮತ್ತೆ ಬಾರದು. ಹಾಲೆ ಸರಿಯಿದ್ದು ಮೇಲ್ಗಿವಿ ಮಾತ್ರ ಕೆಂಪಗೆ, ಬಿಸಿಯಾಗಿ ಊದಿಕೊಂಡರೆ ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಎಲ್ಲಿ, ಯಾವಾಗ, ಯಾವುದರಿಂದ ಚುಚ್ಚಿಸಿಕೊಂಡಿದ್ದೆಂದು ಹೇಳಿಬಿಡಿ.