ಲೋನ್ ಮೇಲೆ ಹೋದ ಹುಡುಗ ಬೆಂಚಿನಲ್ಲೇ ಕುಳಿತರೆ

2020ರ ಆಗಸ್ಟ್‌ನಲ್ಲಿ ಜಪಾನಿನ ಫುಟ್‌ಬಾಲ್ ಆಟಗಾರ ತಾಕೆಫುಸಾ ಕುಬೊಗೆ 19 ವರ್ಷ. ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಅವನನ್ನು ಅದೇ ದೇಶದ ವಿಯ್ಯಾರಿಯಲ್ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ತನ್ನ ಆಟಗಾರನಾಗಿಯೇ ಉಳಿಸಿಕೊಂಡು ಸ್ವಲ್ಪ ಕಾಲ ಎರವಲಾಗಿ, ಕಳಿಸಿತು. ಹಿಂದಿನ ಸೀಸನ್ ಮಯೋರ್ಕಾದಲ್ಲಿ ಅವನು ಚೆನ್ನಾಗಿ ಆಡಿದ್ದ, ಲೀಗ್‌ನಲ್ಲಿ 4 ಗೋಲು ಹೊಡೆದಿದ್ದ. ಈಗ ಅದಕ್ಕಿಂತ ದೊಡ್ಡ ಕ್ಲಬ್, ಇನ್ನೇನು ಬೇಕು? ಆದರೆ ಕೋಚ್ ಉನಾಯ್ ಎಮರಿ ಲೀಗ್ ಪಂದ್ಯಗಳಲ್ಲಿ ಅವನನ್ನು ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಇಳಿಸಿದರು. ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಟರ್ಕಿಯ ಸಿವಾಸ್‌ಸ್ಪೋರ್ ವಿರುದ್ಧ ಒಂದು ಗೋಲು ಹೊಡೆದ, ಇನ್ನೆರಡು ಗೋಲಿಗೆ ಪಾಸ್ ಕೊಟ್ಟ. ಆದರೂ ಲೀಗ್ ತಂಡದಲ್ಲಿ ಜಾಗ ಗಟ್ಟಿಯಾಗಲಿಲ್ಲ. 2021ರ ಜನವರಿಯಲ್ಲಿ ಒಪ್ಪಂದವನ್ನು ಅರ್ಧಕ್ಕೇ ಮುಗಿಸಿ ಗೆಟಾಫೆ ಕ್ಲಬ್ಬಿಗೆ ಹೋದ.

ಇಂಥ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳ ಜಗಳ ಒಂದೇ. ಕೋಚ್ ತಪ್ಪೋ, ಹುಡುಗನಿಗೆ ತಾಕತ್ತಿಲ್ಲವೋ? ನನಗೆ ಕಾಡುವ ಪ್ರಶ್ನೆ ಬೇರೆ. ಪಂದ್ಯ ಸಿಗದ ಆ ತಿಂಗಳುಗಳಲ್ಲಿ ಹುಡುಗನ ಮೈಯಲ್ಲಿ, ಮಿದುಳಲ್ಲಿ ಏನೇನು ಆಗುತ್ತಿರುತ್ತದೆ? ದಿನಾ ಪ್ರಾಕ್ಟೀಸ್ ಇದೆ, ಜಿಮ್ ಇದೆ, ಊಟ ನೋಡಿಕೊಳ್ಳುವವರಿದ್ದಾರೆ, ಡಾಕ್ಟರ್ ಇದ್ದಾರೆ. ಪಂದ್ಯ ಆಡದಿದ್ದರೂ ಫಿಟ್ ಆಗಿಯೇ ಇರುತ್ತಾನಲ್ವಾ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲ, ಪೂರ್ತಿಯಾಗಿ ಇರುವುದಿಲ್ಲ. ಯಾಕೆಂದರೆ ಪಂದ್ಯವೇ ಆ ವಾರದ ಅತಿ ದೊಡ್ಡ ತರಬೇತಿ.

ಗೋಲ್‌ಕೀಪರ್ ಬಿಟ್ಟರೆ, 90 ನಿಮಿಷ ಆಡುವವರು ಒಂದು ಪಂದ್ಯದಲ್ಲಿ ಸುಮಾರು 10ರಿಂದ 13 ಕಿಲೋಮೀಟರ್ ಓಡುತ್ತಾರೆ. ಹೃದಯ ಸರಾಸರಿ ತನ್ನ ಗರಿಷ್ಠ ಬಡಿತದ ಶೇ 80ರಿಂದ 90ರಷ್ಟು ವೇಗದಲ್ಲಿ ಬಡಿಯುತ್ತಿರುತ್ತದೆ. ಇಷ್ಟು ದೂರವನ್ನು ಪ್ರಾಕ್ಟೀಸಿನಲ್ಲೂ ಓಡಿಸಬಹುದು, ಅದು ಕಷ್ಟವಲ್ಲ. ಕಷ್ಟವಿರುವುದು ವೇಗದ ಓಟದಲ್ಲಿ. ಗಂಟೆಗೆ 20 ಕಿಲೋಮೀಟರ್ ಮೀರಿದ ಓಟ, ಅದರಲ್ಲೂ 25 ದಾಟುವ ಸ್ಪ್ರಿಂಟ್, ಒಬ್ಬ ಆಟಗಾರನ ಇಡೀ ವಾರದ ಲೆಕ್ಕದಲ್ಲಿ ಇವುಗಳ ದೊಡ್ಡ ಪಾಲು ಪಂದ್ಯದ ದಿನವೇ ಬರುತ್ತದೆ. ಪ್ರಾಕ್ಟೀಸಿನಲ್ಲಿ ಹೆಚ್ಚಾಗಿ ಆಡಿಸುವುದು ಚಿಕ್ಕ ಜಾಗದ ಆಟ, ಐವರ ಮೇಲೆ ಐವರು, ಆರು ಜನರ ಮೇಲೆ ಆರು ಜನ. ಅಲ್ಲಿ ತಿರುವು ಜಾಸ್ತಿ, ತಟ್ಟನೆ ನಿಲ್ಲುವುದು ಜಾಸ್ತಿ, ಆದರೆ ಕಾಲು ಪೂರ್ತಿ ಬಿಚ್ಚಿ ಓಡಲು ಜಾಗವೇ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ವಾರದ ಟೈಮ್‌ಟೇಬಲ್. ಅದನ್ನು ಆಡುವ ಹನ್ನೊಂದು ಜನರಿಗಾಗಿಯೇ ಮಾಡಿರುತ್ತಾರೆ. ಪಂದ್ಯದ ಹಿಂದಿನ ದಿನ ಹಗುರ, ಏಕೆಂದರೆ ಅವರು ನಾಳೆ ಆಡಬೇಕು. ಪಂದ್ಯದ ಮರುದಿನವೂ ಹಗುರ, ಏಕೆಂದರೆ ಅವರು ನಿನ್ನೆ ಆಡಿ ದಣಿದಿದ್ದಾರೆ. ವಾರಕ್ಕೆ ಎರಡು ಪಂದ್ಯವಿದ್ದರೆ ನಡುವೆ ಕಠಿಣ ತರಬೇತಿಗೆ ಒಂದು ದಿನವೂ ಉಳಿಯುವುದಿಲ್ಲ. ಬೆಂಚಿನ ಹುಡುಗನಿಗೆ ಈ ಹಗುರ ದಿನಗಳೆಲ್ಲ ಸಿಗುತ್ತವೆ, ಅವಕ್ಕೆ ಕಾರಣವಾದ ಪಂದ್ಯ ಮಾತ್ರ ಸಿಗುವುದಿಲ್ಲ. ಒಂದು ವಾರ ಹೀಗಾದರೆ ಪರವಾಗಿಲ್ಲ. ಹತ್ತು ವಾರ ಹೀಗೇ ನಡೆದರೆ?

ತರಬೇತಿಯನ್ನು ಪೂರ್ತಿ ನಿಲ್ಲಿಸಿದ ಕ್ರೀಡಾಪಟುಗಳ ಮೇಲೆ 1980ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಮೂರು ವಾರದೊಳಗೆ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಸುಮಾರು ಶೇ 7ರಷ್ಟು ಕುಸಿದಿತ್ತು. ರಕ್ತದ ಪ್ರಮಾಣ ತಗ್ಗುತ್ತದೆ, ಒಂದೊಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತವೂ ತಗ್ಗುತ್ತದೆ. ಬೆಂಚಿನ ಹುಡುಗ ಎಲ್ಲವನ್ನೂ ನಿಲ್ಲಿಸಿರುವುದಿಲ್ಲ, ಹಾಗಾಗಿ ಅವನ ಹೃದಯ ಅಷ್ಟು ಬೇಗ ಸೋಲುವುದಿಲ್ಲ. ಅವನು ಕಳೆದುಕೊಳ್ಳುವುದು ವೇಗದ ಓಟದ ಅಭ್ಯಾಸವನ್ನು. ಅದರ ಪೆಟ್ಟು ಬೀಳುವುದು ತೊಡೆಯ ಹಿಂಭಾಗಕ್ಕೆ.

ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಕೆಲಸ ನೋಡಿ. ಪೂರ್ತಿ ವೇಗದಲ್ಲಿ ಓಡುವಾಗ, ಕಾಲು ಮುಂದಕ್ಕೆ ಚಾಚಿ ಇನ್ನೇನು ನೆಲ ಮುಟ್ಟಬೇಕು ಎನ್ನುವ ಕ್ಷಣದಲ್ಲಿ, ಈ ಸ್ನಾಯು ಉದ್ದಕ್ಕೆ ಎಳೆಯುತ್ತಿರುವಾಗಲೇ ಕಾಲಿಗೆ ಬ್ರೇಕ್ ಹಾಕಬೇಕು. ಆ ಹೊತ್ತಿನಲ್ಲೇ ಅದು ಹರಿಯುವ ಸಾಧ್ಯತೆ ಜಾಸ್ತಿ. ವಾರವಾರವೂ ಇದೇ ಎಳೆತ ಸಿಗುತ್ತಿದ್ದರೆ ಸ್ನಾಯು ಅದಕ್ಕೆ ಒಗ್ಗಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಸಿಗದೆ, ಒಂದು ದಿನ ಇದ್ದಕ್ಕಿದ್ದಂತೆ ಸಿಕ್ಕರೆ ಅಪಾಯ. ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2001ರಿಂದ ಲೆಕ್ಕ ಇಡುತ್ತಿದೆ. ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಮೊದಲ ಸೀಸನ್‌ನಲ್ಲಿ ಶೇ 12 ಇತ್ತು, 2021-22ರ ಹೊತ್ತಿಗೆ ಶೇ 24 ಆಗಿತ್ತು. ಎಲ್ಲವೂ ಬೆಂಚಿನಿಂದ ಎದ್ದವರ ಗಾಯಗಳಲ್ಲ, ಆಟದ ವೇಗವೇ ಹೆಚ್ಚಾಗಿದೆ. ಆದರೆ ಆ ವೇಗಕ್ಕೆ ಸಿದ್ಧವಾಗಿಲ್ಲದ ಕಾಲು ಅದನ್ನು ತಡೆಯುವುದಾದರೂ ಹೇಗೆ?

ರೆನಾಟೊ ಸಾಂಚೆಸ್ ನೆನಪಾಗುತ್ತಾನೆ. 2016ರ ಯೂರೊ ಕಪ್‌ನಲ್ಲಿ 18ನೇ ವಯಸ್ಸಿಗೆ ಶ್ರೇಷ್ಠ ಯುವ ಆಟಗಾರ. ಅದೇ ಬೇಸಿಗೆಯಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಕೊಂಡುಕೊಂಡಿತು, ಅಲ್ಲಿ ಒಂದು ವರ್ಷ ಹೆಚ್ಚು ಆಟ ಸಿಗಲಿಲ್ಲ. 2017ರಲ್ಲಿ ಲೋನ್ ಮೇಲೆ ವೇಲ್ಸ್‌ನ ಸ್ವಾನ್ಸಿಗೆ ಬಂದ, ಲಯ ಸಿಗದೆ ಒದ್ದಾಡಿದ, 2018ರ ಜನವರಿಯಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯವಾಗಿ ಹೊರಗುಳಿದ. ಯಾವುದೇ ಗಾಯಕ್ಕೆ ಒಂದೇ ಕಾರಣ ಹಚ್ಚುವುದು ಸರಿಯಲ್ಲ. ಆದರೆ ಬೆಂಚು, ಹೊಸ ದೇಶ, ಅವಸರದ ಮರಳುವಿಕೆ, ಗಾಯ, ಈ ಸರಣಿ ಲೋನ್ ಹುಡುಗರಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇದೇ ಸಾಂಚೆಸ್ ಮುಂದೆ ಲಿಲ್ ತಂಡ ಸೇರಿ 2021ರಲ್ಲಿ ಫ್ರಾನ್ಸ್ ಲೀಗ್ ಗೆದ್ದ.

ಬೆಂಚಿನಲ್ಲಿ ಕೂರುವುದೇ ಇನ್ನೊಂದು ಸಮಸ್ಯೆ. 15 ನಿಮಿಷದ ವಿರಾಮದಲ್ಲಿ ಸುಮ್ನೆ ಕೂತರೆ ಸ್ನಾಯುವಿನ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಸ್ಪ್ರಿಂಟ್ ನಿಧಾನವಾಗುತ್ತದೆ. ಬದಲಿ ಆಟಗಾರ ಕೂರುವುದು ಒಂದು ಗಂಟೆಗೂ ಹೆಚ್ಚು, ಅದೂ ಎಷ್ಟೋ ಸಲ ಚಳಿಯಲ್ಲಿ. ನಡುನಡುವೆ ಎದ್ದು ಓಡಾಡುತ್ತಾನೆ ನಿಜ, ಆದರೆ ಕರೆ ಬಂದ ಎರಡೇ ನಿಮಿಷದಲ್ಲಿ ಪೂರ್ತಿ ವೇಗಕ್ಕೆ ಏರಬೇಕು. 2020ರಲ್ಲಿ ಕೋವಿಡ್ ಕಾರಣಕ್ಕೆ ಬಂದ ಐದು ಬದಲಿಗಳ ನಿಯಮ 2022ರಿಂದ ಕಾಯಂ ಆಗಿದೆ. ಇದರಿಂದ ಹೆಚ್ಚು ಹುಡುಗರು ಮೈದಾನಕ್ಕೆ ಇಳಿಯುತ್ತಿದ್ದಾರೆ, ಒಳ್ಳೆಯದೇ. ಆದರೆ ಅಂಕಿ ಅಂಶದಲ್ಲಿ ‘20 ಪಂದ್ಯ’ ಎಂದು ಕಾಣುವುದು ನಿಜದಲ್ಲಿ 200 ನಿಮಿಷ ಇರಬಹುದು. ಹಾಗಾಗಿ ಲೋನ್ ಚೆನ್ನಾಗಿ ನಡೆಯುತ್ತಿದೆಯಾ ಎಂದು ನೋಡುವವರು ಪಂದ್ಯಗಳನ್ನು ಬಿಟ್ಟು ನಿಮಿಷಗಳನ್ನು ಎಣಿಸಬೇಕು.

ಇನ್ನು ಮಿದುಳು. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಒಂದು ಸರಳ ವಿಷಯವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಚೆಂಡು ಕಾಲಿಗೆ ಬರುವ ಮೊದಲು ಆಟಗಾರ ಎಷ್ಟು ಸಲ ತಲೆ ತಿರುಗಿಸಿ ಸುತ್ತ ನೋಡುತ್ತಾನೆ? ಒಳ್ಳೆಯ ಮಿಡ್‌ಫೀಲ್ಡರ್‌ಗಳು ಬೇರೆಯವರಿಗಿಂತ ಜಾಸ್ತಿ ನೋಡುತ್ತಾರೆ, ನೋಡಿದವರ ಪಾಸ್‌ಗಳು ಸರಿಯಾದ ಕಾಲಿಗೆ ಹೋಗುವುದೂ ಜಾಸ್ತಿ. ಯಾರು ಎಲ್ಲಿದ್ದಾರೆ, ಮುಂದಿನ ಒಂದು ಸೆಕೆಂಡಿನಲ್ಲಿ ಎಲ್ಲಿಗೆ ಓಡುತ್ತಾರೆ ಎಂಬ ಅಂದಾಜು ಅದರಿಂದಲೇ ಬರುತ್ತದೆ. ಈ ಅಂದಾಜನ್ನು ಹರಿತಗೊಳಿಸಲು ಪೂರ್ತಿ ಮೈದಾನ ಬೇಕು, ಗೆಲ್ಲಲೇಬೇಕೆಂದು ಬಂದ ಎದುರಾಳಿ ಬೇಕು, ತಪ್ಪಿದರೆ ಗೋಲು ಬೀಳುತ್ತದೆ ಎಂಬ ಭಯವೂ ಬೇಕು. ಜೊತೆಗೆ ಹೊಸ ತಂಡದಲ್ಲಿ ಪ್ರತಿಯೊಬ್ಬ ಜೊತೆಗಾರನ ಓಟದ ಅಭ್ಯಾಸವನ್ನೂ ಹೊಸದಾಗಿ ಕಲಿಯಬೇಕು. ಹತ್ತು ನಿಮಿಷ ಆಡಿ ಅದನ್ನು ಕಲಿಯಲು ಆಗುವುದಿಲ್ಲ. ಹುಡುಗ ಮೈದಾನಕ್ಕೆ ಬಂದು ಮೂರು ಪಾಸ್ ತಪ್ಪು ಕೊಟ್ಟ ಎಂದು ನಾವು ಬೈಯುತ್ತೇವೆ. ಜೊತೆಗಾರರ ಓಟ ಅವನ ಕಣ್ಣಿಗೆ ಇನ್ನೂ ಕೂತಿರುವುದಿಲ್ಲ.

ಪರದೇಶವಾದರೆ ಭಾಷೆಯೂ ಸೇರುತ್ತದೆ. ಗದ್ದಲದ ನಡುವೆ ಮಾತೃಭಾಷೆ ಕೇಳುವಾಗ ಕಳೆದುಹೋದ ಶಬ್ದವನ್ನು ಮಿದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹೊಸದಾಗಿ ಕಲಿತ ಭಾಷೆಯಲ್ಲಿ ಈ ತುಂಬಿಕೊಳ್ಳುವಿಕೆ ದುರ್ಬಲ. ಆ ಭಾಷೆಯನ್ನು ಶಾಂತವಾದ ಕೋಣೆಯಲ್ಲಿ ಚೆನ್ನಾಗಿ ಅರ್ಥಮಾಡಿಕೊಳ್ಳುವವರೂ ಗದ್ದಲದಲ್ಲಿ ಹೆಚ್ಚು ತಡವರಿಸುತ್ತಾರೆ. ಸಾವಿರಾರು ಜನ ಕೂಗುತ್ತಿರುವಾಗ, ಹಿಂದಿನಿಂದ ಡಿಫೆಂಡರ್ ಒಂದೇ ಪದ ಅರಚುತ್ತಾನೆ. ಅದನ್ನು ಅರ್ಥ ಮಾಡಿಕೊಳ್ಳಲು ತಡವಾದ ಅರ್ಧ ಸೆಕೆಂಡಿನಲ್ಲಿ ಎದುರಾಳಿ ದಾಟಿ ಹೋಗಿರುತ್ತಾನೆ. ಕೋಚ್ ಕಣ್ಣಿಗೆ ಅದು ‘ಗಮನ ಇಲ್ಲದ ಹುಡುಗ’ ಎಂದೇ ಕಾಣುತ್ತದೆ.

ಕಾಯುವುದು ಇದಕ್ಕಿಂತ ಕಠಿಣ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿಜ್ಞಾನಿಗಳು ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು, ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಶಾಕ್. ಬೆವರು, ಕಣ್ಣಿನ ಪಾಪೆಯ ಅಗಲ ಎಲ್ಲ ಅಳೆದರು. ಶಾಕ್ ಬಂದೇ ಬರುತ್ತದೆ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬರಬಹುದು ಅಥವಾ ಬಾರದಿರಬಹುದು ಎಂಬ 50-50 ಸ್ಥಿತಿಯಲ್ಲೇ ಒತ್ತಡ ಜಾಸ್ತಿ ಇತ್ತು. ಲೋನ್ ಹುಡುಗ ಪ್ರತಿ ವಾರವೂ ಇರುವುದು ಇದೇ ಸ್ಥಿತಿಯಲ್ಲಿ. ಶನಿವಾರ ಆಡುತ್ತೇನೋ ಇಲ್ಲವೋ, ಜನವರಿಯಲ್ಲಿ ಇಲ್ಲಿರುತ್ತೇನೋ ಇಲ್ಲವೋ, ಮುಂದಿನ ವರ್ಷ ಯಾವ ದೇಶ? ಮನೆಯವರು ದೂರ, ಗೆಳೆಯರು ಇಲ್ಲ, ಜೊತೆಗಾರರಿಗೂ ಇವನು ಬೇಸಿಗೆಯಲ್ಲಿ ಹೊರಡುವವನು ಎಂದು ಗೊತ್ತು. ನಿದ್ದೆ ಕೆಡುತ್ತದೆ. ಕೆಟ್ಟ ನಿದ್ದೆ ಮರುದಿನದ ಪ್ರಾಕ್ಟೀಸನ್ನು ಕೆಡಿಸುತ್ತದೆ, ಆ ಪ್ರಾಕ್ಟೀಸ್ ನೋಡಿಯೇ ಕೋಚ್ ತಂಡ ಆರಿಸುತ್ತಾನೆ. ಹತ್ತೊಂಬತ್ತರ ವಯಸ್ಸಿನಲ್ಲಿ, ಯೋಜನೆ ಮತ್ತು ಸಂಯಮ ನೋಡಿಕೊಳ್ಳುವ ಮಿದುಳಿನ ಮುಂಭಾಗ ಇನ್ನೂ ಬೆಳೆಯುತ್ತಲೇ ಇರುತ್ತದೆ. ಈ ಸುಳಿಯಿಂದ ತಾನೇ ಈಜಿ ಹೊರಗೆ ಬರಲಿ ಎಂದು ಹುಡುಗನನ್ನು ಬಿಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಕರೆಸಿಕೊಂಡ ಕ್ಲಬ್ ಯಾಕೆ ಆಡಿಸುವುದಿಲ್ಲ? ಅವರಿಗೂ ಅವರದೇ ಲೆಕ್ಕವಿದೆ. ಹುಡುಗ ಬೆಳೆದರೆ ಲಾಭ ಬೇರೆ ಕ್ಲಬ್ಬಿಗೆ, ಅವನು ತಪ್ಪು ಮಾಡಿದರೆ ನಷ್ಟ ತಮಗೆ. ಲೀಗ್‌ನಿಂದ ಕೆಳಗೆ ಬೀಳುವ ಭಯದಲ್ಲಿರುವ ಕೋಚ್, ನಾಳೆ ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನು, ಪರಿಚಯದ 30ರ ಆಟಗಾರನನ್ನೇ ನಂಬುತ್ತಾನೆ. ಹುಡುಗನನ್ನು ಇಷ್ಟಪಟ್ಟು ಕರೆಸಿದ ಕೋಚ್ ನವೆಂಬರ್‌ನಲ್ಲೇ ಕೆಲಸ ಕಳೆದುಕೊಳ್ಳುವುದೂ ಉಂಟು. ಮತ್ತೆ, ತೀರ್ಪು ಎಷ್ಟು ತಪ್ಪಾಗಬಹುದು ಎಂಬುದಕ್ಕೆ ಸೆರ್ಜ್ ನಾಬ್ರಿ ಸಾಕ್ಷಿ. 2015-16ರಲ್ಲಿ ಆರ್ಸೆನಲ್ ಈ ಜರ್ಮನ್ ಹುಡುಗನನ್ನು ವೆಸ್ಟ್ ಬ್ರಾಮ್‌ವಿಚ್‌ಗೆ ಲೋನ್ ಕೊಟ್ಟಿತ್ತು. ಅಲ್ಲಿ ಲೀಗ್‌ನಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ಪಂದ್ಯ, ಅದೂ ಬದಲಿಯಾಗಿ. 2019ರ ಅಕ್ಟೋಬರ್‌ನಲ್ಲಿ ಅದೇ ನಾಬ್ರಿ ಬಯರ್ನ್ ಪರವಾಗಿ ಟಾಟನ್‌ಹ್ಯಾಮ್ ವಿರುದ್ಧ ಒಂದೇ ಪಂದ್ಯದಲ್ಲಿ 4 ಗೋಲು ಹೊಡೆದ.

ನಿಯಮಗಳೂ ಹುಡುಗನ ಕೈ ಕಟ್ಟುತ್ತವೆ. ಫಿಫಾ ಪ್ರಕಾರ ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ ಸಾಮಾನ್ಯವಾಗಿ ಎರಡು ಕ್ಲಬ್ ಪರವಾಗಿ ಮಾತ್ರ ಅಧಿಕೃತ ಪಂದ್ಯ ಆಡಬಹುದು. ಆಗಸ್ಟ್‌ನಲ್ಲಿ ಮೂಲ ಕ್ಲಬ್ಬಿಗೆ ಐದು ನಿಮಿಷ ಆಡಿ, ಆಮೇಲೆ ಲೋನ್ ಕ್ಲಬ್ಬಿಗೂ ಐದು ನಿಮಿಷ ಆಡಿದರೆ ಮುಗಿಯಿತು, ಜನವರಿಯಲ್ಲಿ ಮೂರನೇ ಕ್ಲಬ್ಬಿನ ಬಾಗಿಲು ಇಲ್ಲ. ಇನ್ನೊಂದೆಡೆ, ಚೆಲ್ಸಿಯಂಥ ಕ್ಲಬ್‌ಗಳು ಡಜನ್‌ಗಟ್ಟಲೆ ಹುಡುಗರನ್ನು ಹೊರಗೆ ಕಳಿಸುತ್ತಿದ್ದ ಕಾಲವಿತ್ತು. ಬ್ರೆಜಿಲ್‌ನ ಲೂಕಸ್ ಪಿಯಾಜೊನ್ ಸ್ಪೇನ್, ನೆದರ್‌ಲ್ಯಾಂಡ್ಸ್, ಜರ್ಮನಿ, ಇಂಗ್ಲೆಂಡ್, ಇಟಲಿ, ಪೋರ್ಚುಗಲ್ ಎಲ್ಲ ಸುತ್ತಿ, ಚೆಲ್ಸಿ ಪರವಾಗಿ ಆಡಿದ್ದು ಬರೀ 3 ಪಂದ್ಯ. 2022ರ ಜುಲೈಯಿಂದ ಫಿಫಾ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿದೆ. ಈಗ ಒಂದು ಕ್ಲಬ್ 6 ಜನರನ್ನು ಕಳಿಸಬಹುದು, 6 ಜನರನ್ನು ತರಬಹುದು. ಆದರೆ 21 ವರ್ಷದವರೆಗಿನ, ಆ ಕ್ಲಬ್ಬಿನಲ್ಲೇ ಬೆಳೆದ ಹುಡುಗರು ಈ ಲೆಕ್ಕಕ್ಕೆ ಬರುವುದಿಲ್ಲ. ಆಟದ ನಿಮಿಷಗಳ ಬಗ್ಗೆಯಂತೂ ಈ ಮಿತಿಯಲ್ಲಿ ಏನೂ ಇಲ್ಲ.

ಸರಿಯಾಗಿ ನಡೆದ ಲೋನ್‌ಗಳೂ ಇವೆ. ಮಾರ್ಟಿನ್ ಒಡೆಗಾರ್ಡ್ 16ನೇ ವಯಸ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ, 2017ರ ಜನವರಿಯಿಂದ ಒಂದೂವರೆ ವರ್ಷ ಹೀರೆನ್‌ವೀನ್, ಆಮೇಲೆ ವಿಟೆಸ್ಸೆ, ಆಮೇಲೆ ರಿಯಲ್ ಸೊಸಿಯೆದಾದ್‌ನಲ್ಲಿ ಆಡಿದ. ಮೊದಲ ಎರಡು ಕ್ಲಬ್ ಡಚ್ ಲೀಗ್‌ನವು, ಹೆಸರು ಚಿಕ್ಕದು, ನಿಮಿಷಗಳು ದೊಡ್ಡವು. ಫೊಲಾರಿನ್ ಬಾಲೊಗನ್ 2022-23ರಲ್ಲಿ ಫ್ರಾನ್ಸ್‌ನ ರಾನ್ಸ್ ತಂಡಕ್ಕೆ ಹೆಚ್ಚುಕಡಿಮೆ ಎಲ್ಲ ಪಂದ್ಯ ಆಡಿ ಲೀಗ್‌ನಲ್ಲಿ 21 ಗೋಲು ಹೊಡೆದ.

ಜಾಗ ಸಿಗದವರಿಗೂ ಮಾಡಬಹುದಾದ ಕೆಲಸ ಇದೆ. ಪಂದ್ಯ ಮುಗಿದ ಕೂಡಲೇ, ಇಲ್ಲವೇ ಮರುದಿನ, ಆಡದವರಿಗೆ ಪೂರ್ತಿ ವೇಗದ ಓಟಗಳನ್ನು ಓಡಿಸಿ ವಾರದ ಕೊರತೆ ತುಂಬಿಸುವುದು ಒಳ್ಳೆಯ ಕ್ಲಬ್‌ಗಳಲ್ಲಿ ರೂಢಿ. ಕಾಲುಗಳಿಗೆ ಇದು ಸಾಕಾಗಬಹುದು, ಕಣ್ಣಿಗೆ ಮತ್ತು ಮಿದುಳಿಗೆ ಪಂದ್ಯವೇ ಬೇಕು. ಸ್ಪೇನ್, ಜರ್ಮನಿಯಂಥ ದೇಶಗಳಲ್ಲಿ ಕ್ಲಬ್‌ಗಳ ಎರಡನೇ ತಂಡಗಳು ಕೆಳಗಿನ ಲೀಗ್‌ಗಳಲ್ಲಿ ನಿಜವಾದ ಪಂದ್ಯ ಆಡುತ್ತವೆ. ಎರಡು ವಾರ ಮುಖ್ಯ ತಂಡದಲ್ಲಿ ಜಾಗ ಸಿಗದಿದ್ದರೆ ಮೂರನೇ ವಾರ ಅಲ್ಲಿ 90 ನಿಮಿಷ ಆಡಿಸಬೇಕು, ಅವನ ಓಟವನ್ನು ಅಳೆದ ಜಿಪಿಎಸ್ ಲೆಕ್ಕವನ್ನು ಪ್ರತಿ ವಾರ ಮೂಲ ಕ್ಲಬ್ಬಿಗೆ ಕಳಿಸಬೇಕು, ಕಡಿಮೆ ಆಡಿಸಿದರೆ ಲೋನ್ ಶುಲ್ಕ ಏರಬೇಕು. ಶುಲ್ಕವನ್ನು ಆಡಿದ ಪಂದ್ಯಗಳಿಗೆ ಕಟ್ಟುವ ಒಪ್ಪಂದಗಳು ಈಗಾಗಲೇ ಇವೆ. ಉಳಿದ ಎರಡು ಮಾತನ್ನೂ ಜುಲೈನಲ್ಲಿ, ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಕೇಳಿದರೆ ಯಾರೂ ಒಪ್ಪುವುದಿಲ್ಲ.