ಸುಟ್ಟ ಉಸುಕು ಯಾರು ಒಯ್ಯುತ್ತಾರೆ?

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಎರೆಯುವ ಫೌಂಡ್ರಿ ನಡೆಸುವವರ ಮೊದಲ ಪ್ರಶ್ನೆ ಇದು. ಇಷ್ಟು ಉಸುಕು ಹೊರಗೆ ಬೀಳುವುದೇಕೆ ಎಂದು ಮೊದಲು ಕೇಳಬೇಕು. ಹೊಸ ಉಸುಕು ಎಷ್ಟು ಒಳಬಂತೋ ಹೆಚ್ಚುಕಡಿಮೆ ಅಷ್ಟೇ ಹಳೆಯದು ಹೊರಗೆ ಹೋಗಲೇಬೇಕು.

ಗ್ರೀನ್ ಸ್ಯಾಂಡ್‌ನಲ್ಲಿ, ಅಂದರೆ ಅಚ್ಚು ಮಾಡುವ ಹಸಿ ಉಸುಕಿನಲ್ಲಿ, ಸಿಲಿಕಾ ಉಸುಕಿನ ಜೊತೆ ಸುಮಾರು ಶೇ 6–10 ಬೆಂಟೊನೈಟ್ (ಅಂಟು ಜೇಡಿಮಣ್ಣು), ಒಂದಿಷ್ಟು ಕೋಲ್ ಡಸ್ಟ್ (ಕಲ್ಲಿದ್ದಲ ಪುಡಿ), ಶೇ 3–4 ನೀರು ಇರುತ್ತದೆ. ಕಾದ ಲೋಹಕ್ಕೆ ತಾಗಿದ ಪದರದಲ್ಲಿ ಮಾತ್ರ ಬೆಂಟೊನೈಟ್ ಸಾಯುತ್ತದೆ. 600 ಡಿಗ್ರಿ ದಾಟಿದ್ದಕ್ಕೆ ಎಷ್ಟು ನೀರು ಹಾಕಿದರೂ ಅಂಟು ಮರಳದು. ಉಳಿದದ್ದನ್ನು ಗಡ್ಡೆ ಒಡೆದು, ಮ್ಯಾಗ್ನೆಟ್ ಹಾಯಿಸಿ, ಜರಡಿ ಹಿಡಿದು, ತಣಿಸಿ, ಉಸುಕು ಕಲಸುವ ಯಂತ್ರವಾದ ಮಲ್ಲರ್‌ಗೆ ಹಾಕಬಹುದು.

ಎಡವುವುದು ತಣಿಸುವಲ್ಲಿ. 50 ಡಿಗ್ರಿಗಿಂತ ಬಿಸಿಯಿದ್ದ ಉಸುಕು ಮಲ್ಲರ್‌ಗೆ ಬಿದ್ದರೆ ನೀರು ಆವಿಯಾಗುತ್ತದೆ, ಆ ಆವಿ ತಣ್ಣನೆಯ ಪ್ಯಾಟರ್ನ್ (ಅಚ್ಚಿನ ಆಕಾರ ಮೂಡಿಸುವ ಮಾದರಿ) ಮೇಲೆ ಕೂತು ಉಸುಕು ಅಂಟಿಕೊಳ್ಳುತ್ತದೆ. ಅಚ್ಚು ಮಾಡುವ ಮೋಲ್ಡರ್ ಇನ್ನಷ್ಟು ನೀರು ಹಾಕುತ್ತಾನೆ, ಎರಕದಲ್ಲಿ ಬ್ಲೋಹೋಲ್ (ಅನಿಲದ ತೂತು) ಬರುತ್ತದೆ, 'ಉಸುಕು ಕೆಟ್ಟಿದೆ' ಎಂದು ಹೊಸ ಟ್ರಾಲಿ ತರಿಸುತ್ತಾರೆ. ಪಾಪ, ಉಸುಕಿನ ತಪ್ಪೇನಿಲ್ಲ. ನಾಕ್‌ಔಟ್ (ಅಚ್ಚು ಒಡೆದು ಎರಕ ಹೊರತೆಗೆಯುವುದು) ಆದ ತಕ್ಷಣ ಬಿಸಿ ಉಸುಕಿಗೆ ನೀರು ಚಿಮುಕಿಸಿ ತಿರುವಬೇಕು: ತೂಕದ ಶೇ 1ರಷ್ಟು ನೀರು ಆವಿಯಾದರೆ ಸುಮಾರು 25 ಡಿಗ್ರಿ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಂದೇ ರಾಶಿ ಸಾಲದು. ಎರಡು ರಾಶಿ ಮಾಡಿ, ತೆಳುವಾಗಿ ಹರಡಿ, ಸರದಿಯಂತೆ ಬಳಸಿ. ವಾರಕ್ಕೊಮ್ಮೆ ಮಿಥಿಲೀನ್ ಬ್ಲೂ ಪರೀಕ್ಷೆ ಮಾಡಿಸಿದರೆ ಜೀವಂತ ಬೆಂಟೊನೈಟ್ ಎಷ್ಟಿದೆ ಗೊತ್ತಾಗುತ್ತದೆ. ಅಂದಾಜಿನ ಮೇಲೆ ಚೀಲ ಸುರಿಯುವುದು ತಪ್ಪುತ್ತದೆ.

ರೆಸಿನ್ ಕೋರ್‌ನ (ಎರಕದ ಒಳಟೊಳ್ಳಿಗೆ ಇಡುವ, ರಾಳದಿಂದ ಅಂಟಿಸಿದ ಉಸುಕಿನ ತುಂಡು) ಗಡ್ಡೆಗಳನ್ನು ನಾಕ್‌ಔಟ್‌ನಲ್ಲೇ ಬೇರೆ ತೊಟ್ಟಿಗೆ ಹಾಕಿ. ಅರೆಬೆಂದ ರೆಸಿನ್ ಗ್ರೀನ್ ಸ್ಯಾಂಡ್‌ಗೆ ಸೇರಿದರೆ ಅನಿಲ ಬಿಡುತ್ತದೆ. ಉಸುಕು ಮೆತ್ತಿದ ರನ್ನರ್, ರೈಸರ್‌ಗಳನ್ನು (ಎರಕದಿಂದ ಕತ್ತರಿಸಿ ತೆಗೆದ ಹೆಚ್ಚುವರಿ ಲೋಹ) ಹಾಗೇ ಕರೆಂಟಿನ ಇಂಡಕ್ಷನ್ ಫರ್ನೇಸಿಗೆ ಎಸೆಯುವುದು ದುಬಾರಿ ಅಭ್ಯಾಸ: ಆ ಉಸುಕು ಸ್ಲ್ಯಾಗ್ (ಕರಗಿದ ಕಿಟ್ಟ) ಆಗುತ್ತದೆ, ಅದನ್ನು ಕರಗಿಸಲೂ ಕರೆಂಟು ಬೇಕು. ಶಾಟ್ ಬ್ಲಾಸ್ಟ್ ಮಾಡಿ, ಅಂದರೆ ಸಣ್ಣ ಲೋಹದ ಗುಂಡು ಹೊಡೆದು ಉಸುಕು ಉದುರಿಸಿಯೇ ಹಾಕಿ.

ಇಷ್ಟಾದ ಮೇಲೂ ಉಳಿದದ್ದು ಪೇವರ್ ಬ್ಲಾಕಿಗೆ ಹೋಗಬಹುದು. ಸಣ್ಣ ಉಸುಕಿನ ಶೇ 10–20ರ ಜಾಗದಲ್ಲಿ ಶುರುಮಾಡಿ, ಬ್ಲಾಕಿನ ಬಲ ಪರೀಕ್ಷಿಸಿ. ಹೆಚ್ಚಾದರೆ ಬೆಂಟೊನೈಟ್ ನೀರು ಕುಡಿದು ಬಲ ಇಳಿಯುತ್ತದೆ. ಡಸ್ಟ್ ಕಲೆಕ್ಟರ್ ಧೂಳನ್ನು ಇದಕ್ಕೆ ಬೆರೆಸಬೇಡಿ. ಹಿತ್ತಾಳೆ, ಕಂಚಿನ ಎರಕದ ಉಸುಕಿನಲ್ಲಿ ಸೀಸ ಇರಬಹುದು, ಅದರ ರಾಶಿಯೇ ಬೇರೆ ಇರಲಿ. ಕಳಿಸುವ ಮೊದಲು ಲೀಚಿಂಗ್ ಪರೀಕ್ಷೆಯ (ಉಸುಕಿನಿಂದ ನೀರಿಗೆ ಏನು ಬಿಡುತ್ತದೆ ಎಂಬ ಪರೀಕ್ಷೆ) ವರದಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎರಡೂ ಕೈಯಲ್ಲಿರಬೇಕು. ಬ್ಲಾಕ್ ಮಾಡುವವರು ಲೋಡ್ ವಾಪಸ್ ಕಳಿಸುವುದು ಹೆಚ್ಚಾಗಿ ಮೊಳೆ, ಚಿಲ್ (ಎರಕ ಬೇಗ ತಣಿಯಲು ಅಚ್ಚಿನಲ್ಲಿಡುವ ಲೋಹ) ತುಂಡು ಅವರ ಅಚ್ಚಿಗೆ ಸಿಕ್ಕಿಕೊಂಡಾಗ. ಲಾರಿಗೆ ತುಂಬುವಾಗ ಇನ್ನೊಮ್ಮೆ ಮ್ಯಾಗ್ನೆಟ್ ಹಾಯಿಸಿ.